ನಡಿಗೆಯ ಜೊತೆಗೆ ಬೇಕಾದದ್ದು: ಅರವತ್ತೈದರ ನಂತರ ಕಾಲಿಗೆ ಕಸುವು ತುಂಬಿದ ಅನುಭವ

ಮೂಳೆ ಸಾಂದ್ರತೆಯ ವರದಿಯನ್ನು ಓದಿ ಮುಗಿಸಿದ ವೈದ್ಯರು ಮೊದಲು ಕೇಳಿದ್ದು ನೋವಿನ ಬಗ್ಗೆಯಲ್ಲ, ಮಾತ್ರೆಗಳ ಬಗ್ಗೆಯೂ ಅಲ್ಲ. "ನೆಲದ ಮೇಲೆ ಕುಳಿತರೆ ಏನನ್ನೂ ಹಿಡಿದುಕೊಳ್ಳದೆ ಏಳುತ್ತೀರಾ?" ಎಂದರು. ನೆಲದ ಮೇಲೆ ಕುಳಿತು ಎಷ್ಟು ಕಾಲವಾಯಿತು ಎಂಬುದೇ ನನಗೆ ನೆನಪಿಗೆ ಬರಲಿಲ್ಲ. ಟಿ-ಸ್ಕೋರ್ ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇತ್ತು. ಮೂಳೆ ತೆಳುವಾಗತೊಡಗಿದೆ, ಆದರೆ ಆಸ್ಟಿಯೊಪೊರೋಸಿಸ್ ಎನ್ನುವ ಹಂತಕ್ಕೆ ಬಂದಿಲ್ಲ ಎಂದು ಅದರ ಅರ್ಥ. ವಯಸ್ಸಾದವರಲ್ಲಿ ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಬಿದ್ದಾಗಲೇ. ಆದ್ದರಿಂದ ಮೂಳೆಯನ್ನು ಕಾಪಾಡುವಷ್ಟೇ ಮುಖ್ಯವಾದದ್ದು ಬೀಳದಂತೆ ನೋಡಿಕೊಳ್ಳುವುದು, ಎರಡಕ್ಕೂ ಬೇಕಾದದ್ದು ಕಾಲಿನ ಬಲ ಎಂದು ವಿವರಿಸಿ ನನ್ನನ್ನು ಫಿಸಿಯೊಥೆರಪಿಸ್ಟ್ ಬಳಿಗೆ ಕಳುಹಿಸಿದರು.

ನನಗೆ ಆಗ ಅರವತ್ತೈದು ದಾಟಿತ್ತು. ನಡಿಗೆಯನ್ನು ಎಂದೂ ಬಿಟ್ಟವಳಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಿಂದಲೂ ಬೆಳಿಗ್ಗೆ ಎದ್ದು ಬಿರುಸಾಗಿ ನಡೆಯುತ್ತಾ ಬಂದಿದ್ದೇನೆ. ರಕ್ತದೊತ್ತಡ ಹತೋಟಿಯಲ್ಲಿತ್ತು, ಸಮತಟ್ಟು ದಾರಿಯಲ್ಲಿ ಎಷ್ಟು ದೂರ ಹೋದರೂ ಏದುಸಿರು ಬರುತ್ತಿರಲಿಲ್ಲ. ಆ ನಡಿಗೆ ನನ್ನ ಹೃದಯಕ್ಕೆ ಮಾಡಿರುವ ಉಪಕಾರ ದೊಡ್ಡದು. ಅದು ತಲುಪದೆ ಬಿಟ್ಟ ಭಾಗ ಯಾವುದು ಎಂಬುದು ಮಾತ್ರ ಫಿಸಿಯೊಥೆರಪಿಯ ಮೊದಲ ಭೇಟಿಯಲ್ಲಿ ಕಂಡಿತು.

ಫಿಸಿಯೊಥೆರಪಿಸ್ಟ್ ನನ್ನ ಮಗಳಿಗಿಂತ ಕಿರಿಯ ಹೆಣ್ಣುಮಗಳು. ಹಿಡಿಕೆಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟರು. "ಅಮ್ಮ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಪೂರ್ತಿ ಏಳಬೇಕು, ಪೂರ್ತಿ ಕೂರಬೇಕು. 30 ಸೆಕೆಂಡು. ಕೈ ಮಾತ್ರ ಊರಬೇಡಿ" ಎಂದರು. 65ರಿಂದ 69ರ ವಯಸ್ಸಿನ ಹೆಂಗಸರು ಈ ಅವಧಿಯಲ್ಲಿ 11ಕ್ಕಿಂತ ಕಡಿಮೆ ಬಾರಿ, ಗಂಡಸರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಮೊದಲ ಕೆಲವು ಬಾರಿ ಸಲೀಸಾಗಿ ಎದ್ದೆ. ಅಷ್ಟರಲ್ಲಿ ತೊಡೆಗಳು ಉರಿಯತೊಡಗಿದವು, ದೇಹ ತಾನಾಗಿ ಮುಂದಕ್ಕೆ ಬಾಗಿ ತೂಗಿಕೊಂಡು ಏಳಲು ನೋಡಿತು. ಗೆರೆಯನ್ನು ತಲುಪುವ ಮೊದಲೇ ಸಮಯ ಮುಗಿಯಿತು.

ಇನ್ನೊಂದು ಪರೀಕ್ಷೆಯಲ್ಲಿ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು, ಮತ್ತೆ ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರಿಕೆ ಬೇಕು. ಅದರಲ್ಲಿ ನನಗೆ ತೊಂದರೆಯಾಗಲಿಲ್ಲ, ನಡಿಗೆಯ ಫಲ. ಆಮೇಲೆ ನಿಲ್ಲುವ ಪರೀಕ್ಷೆ: ಮೊದಲು ಪಾದಗಳನ್ನು ಜೋಡಿಸಿ, ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು, ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳುಗಳಿಗೆ ತಾಗುವಂತೆ, ಕೊನೆಗೆ ಒಂಟಿ ಕಾಲಿನ ಮೇಲೆ. ಪ್ರತಿಯೊಂದರಲ್ಲೂ 10 ಸೆಕೆಂಡು ಅಲುಗದೆ ನಿಲ್ಲಬೇಕು. ಮೂರನೆಯ ನಿಲುವಿನಲ್ಲಿ ಕಣಕಾಲು ನಡುಗಿತು. ಒಂಟಿ ಕಾಲಿನಲ್ಲಿ ಆಯ ತಪ್ಪಿ ಗೋಡೆ ಹಿಡಿದೆ. ಬಲಗಾಲಿಗಿಂತ ಎಡಗಾಲು ಎಷ್ಟೋ ದುರ್ಬಲವಾಗಿತ್ತು. ಇಷ್ಟು ವರ್ಷ ಅದೇ ಕಾಲಿನ ಮೇಲೆ ನಡೆದಿದ್ದರೂ ಅದರ ಸುಳಿವೇ ನನಗೆ ಸಿಕ್ಕಿರಲಿಲ್ಲ.

ಕಾರಣವನ್ನು ಅವರು ಬಿಡಿಸಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ, ದಣಿಯದೆ ಕೆಲಸ ಮಾಡುವ ತಂತುಗಳೂ ಇವೆ, ಕ್ಷಣಾರ್ಧದಲ್ಲಿ ದೊಡ್ಡ ಬಲ ಕೊಡುವ ವೇಗದ ತಂತುಗಳೂ ಇವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಎರಡನೆಯವು. ಹಗುರ ಕೆಲಸಕ್ಕೆ ದೇಹ ನಿಧಾನದ ತಂತುಗಳನ್ನೇ ಕರೆಯುತ್ತದೆ. ಭಾರ ಹೆಚ್ಚಾದಾಗ ಅಥವಾ ವೇಗ ಬೇಕಾದಾಗ ಮಾತ್ರ ವೇಗದ ತಂತುಗಳ ಸರದಿ. ಸಮತಟ್ಟು ನೆಲದ ನಡಿಗೆ ಅವುಗಳನ್ನು ಹೆಚ್ಚು ಎಬ್ಬಿಸುವುದಿಲ್ಲ. ಆದರೆ ಎಡವಿದಾಗ ನಮ್ಮನ್ನು ಉಳಿಸುವುದು ಅವುಗಳೇ. ಇನ್ನೊಂದು ಪಾದ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಬಂದು ದೇಹದ ಪೂರ್ತಿ ಭಾರವನ್ನು ಹೊರಬೇಕು. ಹೊರಲಾರದಿದ್ದರೆ ಬೀಳುತ್ತೇವೆ.

ಮನೆಗೆ ಬಂದ ಮೇಲೆ ಹಳೆಯ ವಿಜ್ಞಾನ ಶಿಕ್ಷಕಿ ಎದ್ದು ಕುಳಿತಳು. ಸಿಕ್ಕಿದ್ದನ್ನೆಲ್ಲ ಓದಿದೆ. ವಯಸ್ಸಿನ ಜೊತೆಗೆ ಸ್ನಾಯು ಕರಗುವುದನ್ನು ಸಾರ್ಕೊಪೀನಿಯ ಎನ್ನುತ್ತಾರೆ. ಆ ಹೆಸರನ್ನು ಇರ್ವಿನ್ ರೋಸನ್‌ಬರ್ಗ್ ಎಂಬ ಅಮೆರಿಕದ ವೈದ್ಯ ವಿಜ್ಞಾನಿ ಸೂಚಿಸಿದ್ದು 1989ರಲ್ಲಿ ಮಾತ್ರ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ಶೇಕಡ 3ರಿಂದ 8ರಷ್ಟು ಕಳೆದುಹೋಗುತ್ತದೆ, ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಬಲ ಕುಂದುವುದು ಗಾತ್ರ ಕುಂದುವುದಕ್ಕಿಂತ ಬೇಗ. ಹಾಗಾಗಿ ತೂಕದ ಯಂತ್ರ ಏನನ್ನೂ ಹೇಳುವುದಿಲ್ಲ. ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಸೇರಿಕೊಂಡರೆ ತೂಕ ಅಷ್ಟೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನೂ ನೋಡಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಕೆಳಗಿನ ಸಾಲುಗಳನ್ನು ಯಾರೂ ಹೇಳುವುದಿಲ್ಲ: ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲಕ್ಕೆ ಒತ್ತು ಕೊಡುವ ವ್ಯಾಯಾಮ. ಆ ಸಾಲುಗಳು ಪ್ರತಿಯೊಬ್ಬ ಹಿರಿಯರ ಕಿವಿಗೂ ಬೀಳಬೇಕು ಎಂಬುದು ನನ್ನ ಆಸೆ. ಈ ಬರಹಕ್ಕೆ ಕೈ ಹಾಕಿದ್ದೂ ಅದಕ್ಕೇ.

ನನ್ನ ಯಜಮಾನರಿಗೆ ಇದು ಒಪ್ಪಿಗೆಯಾಗಲಿಲ್ಲ. "ಈ ವಯಸ್ಸಿನಲ್ಲಿ ಭಾರ ಎತ್ತುತ್ತೀಯಾ? ಬೆನ್ನು ಹಿಡಿದುಕೊಂಡರೆ ಯಾರು ನೋಡಿಕೊಳ್ಳುವುದು?" ಎಂದರು. ಭಯ ನನಗೂ ಇತ್ತು. ಅದನ್ನು ಕಳೆದದ್ದು ಮರಿಯಾ ಫಿಯಟರೋನೆ ಎಂಬ ವೈದ್ಯೆ ತಮ್ಮ ಸಹೋದ್ಯೋಗಿಗಳೊಡನೆ 1990ರಲ್ಲಿ ಪ್ರಕಟಿಸಿದ ಅಧ್ಯಯನ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, ಸರಾಸರಿ 90 ವಯಸ್ಸಿನ ಹತ್ತು ಮಂದಿಯಿಂದ ಅವರು ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಹಗುರ ಭಾರವಲ್ಲ, ಅವರ ಶಕ್ತಿಗೆ ತಕ್ಕಂತೆ ಸಾಕಷ್ಟು ಕಷ್ಟದ ಭಾರವೇ. ಕೊನೆಯವರೆಗೆ ಉಳಿದವರ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಂಬತ್ತರ ದುರ್ಬಲ ಜೀವಗಳು ಅಷ್ಟು ಗಳಿಸಿದ್ದನ್ನು ಓದಿ ನನ್ನ ಕಣ್ಣು ಒದ್ದೆಯಾಯಿತು. ಸ್ನಾಯುವಿಗೆ ವಯಸ್ಸಾದರೂ ಕಲಿಯುವ ಗುಣ ಹೋಗುವುದಿಲ್ಲ. ಅದನ್ನು ಯಜಮಾನರಿಗೂ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿದರು, ಆ ದಿನ ಏನೂ ಹೇಳಲಿಲ್ಲ.

ವಾರಕ್ಕೆ ಎರಡು ದಿನ ಫಿಸಿಯೊಥೆರಪಿಸ್ಟ್ ಎದುರಿಗೆ, ಇನ್ನೊಂದು ದಿನ ಮನೆಯಲ್ಲಿ ಎಂದು ನಿರ್ಧಾರವಾಯಿತು. ಮೊದಲ ವಾರಗಳಲ್ಲಿ ಯಾವ ಉಪಕರಣವೂ ಇರಲಿಲ್ಲ. ಕುರ್ಚಿಯಿಂದ ಏಳುವುದು, ಕೂರುವುದು. ಮೇಜಿನ ಅಂಚು ಮುಟ್ಟಿಕೊಂಡು ತುದಿಗಾಲಿನ ಮೇಲೆ ಏರುವುದು, ಇಳಿಯುವುದು. ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯ ಕಡೆಗೆ ತಂದು ತಳ್ಳುವುದು. ಒಂದೇ ಮೆಟ್ಟಿಲನ್ನು ಒಂದೇ ಕಾಲಿನ ಬಲದಿಂದ ಹತ್ತಿ ಇಳಿಯುವುದು. ಈ ಕೆಲಸಗಳನ್ನು ನೋಡಿ ಇದೇನು ವ್ಯಾಯಾಮ ಎಂದು ಯಾರಿಗಾದರೂ ಅನ್ನಿಸಬಹುದು. ಕುಳಿತುಕೊಳ್ಳುವುದನ್ನು ನಿಧಾನವಾಗಿ ಮಾಡಿ ನೋಡಿದರೆ ತಿಳಿಯುತ್ತದೆ. ಏಳುವಾಗ ಚುರುಕು ಇರಲಿ, ಕೂರುವಾಗ ಮೂರು ಎಣಿಸುತ್ತಾ ಇಳಿಯಿರಿ, ಕೊನೆಯ ಅಂಗುಲದಲ್ಲಿ ಧೊಪ್ಪೆಂದು ಬೀಳಬೇಡಿ ಎಂಬುದು ನನಗೆ ಸಿಕ್ಕ ಸೂಚನೆ. ಆ ಕೊನೆಯ ಅಂಗುಲದಲ್ಲೇ ನನ್ನ ತೊಡೆಗಳು ಕೈ ಬಿಡುತ್ತಿದ್ದವು.

ಉಸಿರಿನ ಬಗ್ಗೆ ಅವರು ಬಹಳ ಕಟ್ಟುನಿಟ್ಟು. ಭಾರ ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ತಟ್ಟನೆ ಏರುತ್ತದೆ. ಹಾಗಾಗಿ ಏಳುವಾಗ ಉಸಿರು ಹೊರಕ್ಕೆ, ಕೂರುವಾಗ ಒಳಕ್ಕೆ. ನನಗೆ ಅಭ್ಯಾಸವಾಗುವವರೆಗೆ ಜೋರಾಗಿ ಎಣಿಸುತ್ತಾ ಮಾಡಿಸಿದರು, ಎಣಿಸುವವರಿಗೆ ಉಸಿರು ಕಟ್ಟಲು ಬರುವುದಿಲ್ಲ. ಮೂಳೆ ತೆಳುವಾಗಿರುವುದರಿಂದ ಇನ್ನೊಂದು ಎಚ್ಚರಿಕೆಯೂ ಇತ್ತು: ಬೆನ್ನನ್ನು ಗೂನು ಮಾಡಿಕೊಂಡು ಮುಂದಕ್ಕೆ ಬಾಗಿ ಯಾವ ಭಾರವನ್ನೂ ಎತ್ತಬಾರದು. ಬೆನ್ನುಮೂಳೆಯ ಮುಂಭಾಗ ಜಜ್ಜಿಹೋಗುವ ಅಪಾಯ ಅಲ್ಲಿದೆ. ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಬೆನ್ನು ನೇರವಾಗಿಟ್ಟು, ಸೊಂಟದ ಕೀಲಿನಿಂದ ಬಾಗುವುದನ್ನು ಕಲಿಯಲು ನನಗೆ ವಾರಗಳೇ ಹಿಡಿದವು. ಕೋಲೊಂದನ್ನು ಬೆನ್ನಿಗೆ ಆನಿಸಿ ಹಿಡಿದು, ತಲೆಯ ಹಿಂಭಾಗ, ಬೆನ್ನು, ಬಾಲಮೂಳೆ ಮೂರೂ ಕೋಲಿಗೆ ತಾಗಿರುವಂತೆ ಬಾಗುವ ಅಭ್ಯಾಸ ಅದು. ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಇದಕ್ಕಿಂತ ಬೆಲೆಬಾಳುವ ಪಾಠ ಇನ್ನೊಂದಿಲ್ಲ, ಏಕೆಂದರೆ ದಿನಕ್ಕೆ ನೂರಾರು ಬಾರಿ ಬಾಗುತ್ತೇವೆ.

ನೋವಿನ ವಿಷಯ ಹೇಳಲೇಬೇಕು, ಬಹಳ ಮಂದಿ ಬಿಟ್ಟುಬಿಡುವುದು ಅಲ್ಲೇ. ಹೊಸ ವ್ಯಾಯಾಮದ ಮರುದಿನ, ಕೆಲವೊಮ್ಮೆ ಅದರ ಮರುದಿನ, ಸ್ನಾಯು ಹಿಡಿದುಕೊಂಡು ನೋಯುತ್ತದೆ. ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಸ್ನಾಯುವಿನ ಮಧ್ಯಭಾಗದಲ್ಲಿ, ಎರಡೂ ಕಾಲುಗಳಲ್ಲಿ ಹೆಚ್ಚು ಕಡಿಮೆ ಸಮನಾಗಿರುವ ಈ ನೋವಿಗೆ ಹೆದರಬೇಕಾಗಿಲ್ಲ. ಕೀಲಿನ ಒಳಗೆ ಚುಚ್ಚುವ ನೋವು, ಊತ, ಮರುದಿನಕ್ಕೆ ಇನ್ನೂ ಹೆಚ್ಚುವ ನೋವು ಬೇರೆ. ಅದು ಬಂದರೆ ಭಾರ ಇಳಿಸಬೇಕು ಅಥವಾ ಚಲನೆಯನ್ನು ಬದಲಿಸಬೇಕು. ನನ್ನ ಎಡಮಂಡಿಯಲ್ಲಿ ಸವೆತ ಇದೆ. ಸವೆದ ಮಂಡಿಗೆ ವಿಶ್ರಾಂತಿಯೇ ಮದ್ದು ಎಂದು ಸುತ್ತಲಿನವರೆಲ್ಲ ಹೇಳಿದರು. ವೈದ್ಯರು ಹೇಳಿದ್ದು ಅದಕ್ಕೆ ವಿರುದ್ಧ: ಮಂಡಿ ಸವೆತಕ್ಕೆ ವ್ಯಾಯಾಮವೇ ಮೊದಲ ಸಾಲಿನ ಚಿಕಿತ್ಸೆ, ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಹೊರೆ ಹಗುರ. ಎತ್ತರದ ಕುರ್ಚಿಯಿಂದ ಶುರುಮಾಡಿ, ಮಂಡಿ ಒಪ್ಪಿಕೊಂಡಂತೆ ಎತ್ತರವನ್ನು ಇಳಿಸುತ್ತಾ ಬಂದೆವು. ಸ್ವಲ್ಪ ನೋವು ಇದ್ದರೂ ಮಾಡಬಹುದು, ಆದರೆ ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಈ ಒಂದು ಅಳತೆಗೋಲನ್ನು ಹಿಡಿದೇ ಮುಂದುವರಿದೆ.

ಮೊದಲ ತಿಂಗಳಲ್ಲೇ ಬಲ ಎದ್ದು ಕಾಣುವಷ್ಟು ಹೆಚ್ಚಿತು. ಕನ್ನಡಿಯಲ್ಲಿ ಮಾತ್ರ ಯಾವ ಬದಲಾವಣೆಯೂ ಇಲ್ಲ. ಇದು ಸಹಜವಂತೆ. ಆರಂಭದ ವಾರಗಳ ಲಾಭ ಬಹುಪಾಲು ನರಮಂಡಲದ್ದು; ಇರುವ ಸ್ನಾಯುತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ಕೆಲಸಕ್ಕೆ ಹಚ್ಚಲು ಮೆದುಳು ಕಲಿಯುತ್ತದೆ. ಸ್ನಾಯುವಿನ ಗಾತ್ರ ಬೆಳೆಯುವುದು ಆಮೇಲೆ. ಆ ಸುಲಭದ ದಿನಗಳು ಮುಗಿದ ಮೇಲೆ ಬರುವ ಬಯಲಿನಂಥ ತಿಂಗಳುಗಳು ಬೇಸರ ತರಿಸುತ್ತವೆ. ಅದೇ ಚಲನೆ, ಅದೇ ಎಣಿಕೆ. ಆಗ ಕೈ ಹಿಡಿದದ್ದು ಭಾರ ಹೆಚ್ಚಿಸುವ ನಿಯಮ. ಒಂದು ಸುತ್ತಿನ ಕೊನೆಯಲ್ಲಿ ಇನ್ನು ಎರಡು ಮೂರು ಬಾರಿ ಮಾತ್ರ ಮಾಡಬಲ್ಲೆ ಎನಿಸಬೇಕು. ಇನ್ನೂ ಹತ್ತು ಬಾರಿ ಮಾಡಬಲ್ಲೆ ಎನಿಸಿದರೆ ಭಾರ ಸಾಲದು. ಹೀಗೆ ಡಂಬೆಲ್ ಕೈಗೆ ಬಂತು, ಆಮೇಲೆ ಅದಕ್ಕಿಂತ ದೊಡ್ಡ ಡಂಬೆಲ್, ಬೆನ್ನು ಮತ್ತು ಭುಜಕ್ಕೆ ರಬ್ಬರ್ ಪಟ್ಟಿ. ಹಿರಿಯರಿಗೆ ಸದಾ ಹಗುರವಾದದ್ದನ್ನೇ ಕೊಟ್ಟು ಕೂರಿಸುವುದು ಅಕ್ಕರೆಯಿಂದಲೇ ಇರಬಹುದು, ಆದರೆ ಹಾಗೆ ಮಾಡಿದರೆ ಅವರ ಬಲ ಬೆಳೆಯುವುದಿಲ್ಲ. ಮೂಳೆಗೂ ಇದೇ ಮಾತು. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರು ತಜ್ಞರ ಕಣ್ಣೆದುರು ವಾರಕ್ಕೆ ಎರಡು ಬಾರಿ, 30 ನಿಮಿಷದಂತೆ ಎಂಟು ತಿಂಗಳು ನಿಜವಾದ ಭಾರ ಎತ್ತಿದರು. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇಕಡ 2.9ರಷ್ಟು ಹೆಚ್ಚಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇಕಡ 1.2ರಷ್ಟು ಇಳಿಯಿತು. ತಜ್ಞರ ಕಣ್ಣೆದುರು ಎಂಬುದನ್ನು ಒತ್ತಿ ಹೇಳುತ್ತೇನೆ. ಓದಿದ ಉತ್ಸಾಹದಲ್ಲಿ ಒಬ್ಬರೇ ಭಾರ ಎತ್ತಲು ಹೊರಡಬೇಡಿ.

ಸಮತೋಲನದ ಅಭ್ಯಾಸಕ್ಕೆ ಬೇರೆಯೇ ರುಚಿ ಇದೆ. ನಾವು ನೆಟ್ಟಗೆ ನಿಲ್ಲುವುದು ಮೂರು ಮೂಲಗಳ ಸುದ್ದಿಯನ್ನು ಮೆದುಳು ಕೂಡಿಸಿ ನೋಡುವುದರಿಂದ: ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ಸ್ಪರ್ಶ. ವಯಸ್ಸಾದಂತೆ ಪಾದದ ಸುದ್ದಿ ಮಂಕಾಗುತ್ತದೆ, ಕಣ್ಣಿನ ಮೇಲಿನ ಅವಲಂಬನೆ ಹೆಚ್ಚುತ್ತದೆ. ಕತ್ತಲಲ್ಲಿ ಎದ್ದು ಹೋಗುವಾಗ ಹಿರಿಯರು ತಡಬಡಿಸುವುದು ಇದರಿಂದಲೇ. ಹಾಗಾಗಿ ನನ್ನ ಪಾಠ ಬರಿಗಾಲಿನಲ್ಲಿ, ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎದುರಿಗೆ ಕುರ್ಚಿ ಇಟ್ಟುಕೊಂಡು ನಡೆಯಿತು. ಯಾವ ಕಡೆಗೆ ವಾಲಿದರೂ ಆಸರೆ ಸಿಗುವಂತೆ. ಹಿಮ್ಮಡಿ ಬೆರಳು ತಾಗಿಸಿ ನಿಲ್ಲುವುದು ಸಲೀಸಾದ ಮೇಲೆ ಅದೇ ನಿಲುವಿನಲ್ಲಿ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಆಮೇಲೆ ಫಿಸಿಯೊಥೆರಪಿಸ್ಟ್ ಪಕ್ಕದಲ್ಲಿ ನಿಂತಿರುವಾಗ ಕಣ್ಣು ಮುಚ್ಚುವುದು. ಆಮೇಲೆ ನೂರರಿಂದ ಮೂರು ಮೂರು ಕಳೆಯುತ್ತಾ ಅಡ್ಡ ಹೆಜ್ಜೆ ಹಾಕುವುದು, ಏಕೆಂದರೆ ನಿಜ ಜೀವನದಲ್ಲಿ ಬೀಳುವುದು ಮನಸ್ಸು ಬೇರೆಲ್ಲೋ ಇದ್ದಾಗ. ಲೆಕ್ಕ ತಪ್ಪಿದಾಗಲೆಲ್ಲ ಹೆಜ್ಜೆಯೂ ತಪ್ಪುತ್ತಿತ್ತು. ಎರಡಕ್ಕೂ ಮೆದುಳಿನಲ್ಲಿ ಬಂಡವಾಳ ಒಂದೇ ಎಂಬುದು ಮೈಯಿಂದಲೇ ತಿಳಿದ ಪಾಠ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ, ಮನೆಯಲ್ಲೇ ಮಾಡುವ ಬಲ ಮತ್ತು ಸಮತೋಲನದ ಕಾರ್ಯಕ್ರಮ ಹಿರಿಯರು ಬೀಳುವುದನ್ನು ಸುಮಾರು ಶೇಕಡ 35ರಷ್ಟು ತಗ್ಗಿಸಿತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಮೂರನೆಯ ಒಂದು ಭಾಗ ಎಂಬುದು ಎಷ್ಟು ದೊಡ್ಡದು ಎಂದು ಹೊಳೆಯುತ್ತದೆ.

ಈ ಎಲ್ಲದಕ್ಕಿಂತ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ನೆಲದಿಂದ ಏಳುವ ಪಾಠ. ಎಷ್ಟೇ ಎಚ್ಚರವಿದ್ದರೂ ಒಮ್ಮೆ ಬೀಳಬಹುದು. ಬಿದ್ದ ಮೇಲೆ ಏಳಲಾಗದೆ ಬಿದ್ದಲ್ಲೇ ಉಳಿಯುವುದು ಎಷ್ಟೋ ಸಲ ಪೆಟ್ಟಿಗಿಂತ ದೊಡ್ಡ ಅಪಾಯ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದವರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿದ್ದವರಿಗೆ ಸಂಬಂಧಿಸಿದ ವಿವರ ಹೀಗಿದೆ: ಶೇಕಡ 80 ಮಂದಿಗೆ ಕನಿಷ್ಠ ಒಂದು ಬಾರಿಯಾದರೂ ಬಿದ್ದ ಮೇಲೆ ತಾವಾಗಿ ಏಳಲು ಆಗಿರಲಿಲ್ಲ. ಶೇಕಡ 30 ಮಂದಿ ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆಯೇ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಇರುವವರು ನಾವಿಬ್ಬರೇ.

ಪಾಠ ಶುರುವಾದದ್ದು ಇಳಿಯುವುದರಿಂದ. ಕುರ್ಚಿ ಹಿಡಿದು ಒಂದು ಮಂಡಿ ನೆಲಕ್ಕೆ, ಆಮೇಲೆ ಇನ್ನೊಂದು, ಆಮೇಲೆ ಅಂಗೈಗಳು, ಕೊನೆಗೆ ಮಗ್ಗುಲಿಗೆ ಮಲಗುವುದು. ಏಳುವುದಕ್ಕೆ ಇದೇ ದಾರಿಯನ್ನು ಹಿಂದುಮುಂದು ಮಾಡಬೇಕು. ಮೊದಲು ತಟ್ಟನೆ ಏಳಲು ಹೋಗದೆ, ಉಸಿರು ತೆಗೆದುಕೊಂಡು, ಕೈಕಾಲುಗಳನ್ನು ಅಲುಗಿಸಿ ಎಲ್ಲಿಯಾದರೂ ಜೋರು ನೋವಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಏಳಬಾರದು, ಕೂಗಿ ಕರೆಯಬೇಕು, ಮೈ ಬೆಚ್ಚಗಿರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಗೈ ಊರಿ, ಮಂಡಿ ಮತ್ತು ಅಂಗೈಗಳ ಮೇಲೆ ಬಂದು, ಹತ್ತಿರದ ಗಟ್ಟಿ ಕುರ್ಚಿಯವರೆಗೆ ತೆವಳಬೇಕು. ಕುರ್ಚಿಯ ಮೇಲೆ ಕೈಯಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದಕ್ಕೆ ತಂದು ಊರಿ, ಕೈ ಮತ್ತು ಕಾಲು ಎರಡರಿಂದಲೂ ತಳ್ಳಿ ಎದ್ದು, ತಿರುಗಿ ಕುಳಿತು ಸುಧಾರಿಸಿಕೊಳ್ಳಬೇಕು. ಪಾದವನ್ನು ಮುಂದಕ್ಕೆ ತರುವ ಹಂತದಲ್ಲಿ ನಾನು ಪ್ರತಿ ಬಾರಿಯೂ ಸಿಕ್ಕಿಕೊಳ್ಳುತ್ತಿದ್ದೆ. ಸೊಂಟ ಅಷ್ಟು ಬಿಗಿಯಾಗಿತ್ತು. ಆ ಒಂದು ಹಂತಕ್ಕಾಗಿಯೇ ಸೊಂಟ ಸಡಿಲಿಸುವ ಚಲನೆಗಳನ್ನು ಮನೆಯಲ್ಲಿ ದಿನವೂ ಮಾಡಿದೆ. ದಪ್ಪ ಚಾಪೆಯ ಮೇಲೆ, ಪಕ್ಕದಲ್ಲಿ ಯಾರಾದರೂ ಇರುವಾಗ ಮಾತ್ರ ಇದನ್ನು ಅಭ್ಯಾಸ ಮಾಡಬೇಕು.

ಕುರ್ಚಿಯ ಸಹಾಯವಿಲ್ಲದೆ ನೆಲದಿಂದ ಎದ್ದು ನಿಂತ ದಿನ ಯಜಮಾನರು ಪತ್ರಿಕೆ ಓದುತ್ತಾ ಅಲ್ಲೇ ಕುಳಿತಿದ್ದರು. "ಇನ್ನೊಮ್ಮೆ ಏಳು ನೋಡೋಣ" ಎಂದರು. ಎದ್ದೆ. ಮರುದಿನ ತಾವೇ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಂಡು, "30 ಸೆಕೆಂಡು ನೀನೇ ನೋಡು" ಎಂದರು.

ಅವರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ. ಆದ್ದರಿಂದ ಮೊದಲು ಹೃದ್ರೋಗ ತಜ್ಞರ ಬಳಿ ಹೋದೆವು. ಅವರು ಒತ್ತಡ ಪರೀಕ್ಷೆ ಮಾಡಿ, ಸಂತೋಷದಿಂದಲೇ ಒಪ್ಪಿಗೆ ಕೊಟ್ಟರು. ಎದೆಯಲ್ಲಿ ಒತ್ತಿದಂತಾಗುವುದು, ಎಂದಿನದಲ್ಲದ ಏದುಸಿರು, ತಲೆ ಸುತ್ತು, ದವಡೆ ಅಥವಾ ತೋಳಿಗೆ ಹರಿಯುವ ನೋವು ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ನಿಲ್ಲಿಸಬೇಕು ಎಂದರು. ನಡಿಗೆಯ ವೇಗಕ್ಕೆ ಅವರು ಕೊಟ್ಟ ಅಳತೆ ಸರಳವಾದದ್ದು: ಮಾತಾಡಲು ಬರಬೇಕು, ಹಾಡಲು ಬರಬಾರದು. ನಡಿಗೆಯ ಬೆಲೆಯನ್ನು ಅವರಷ್ಟು ಮನದಟ್ಟು ಮಾಡಿದವರು ಇನ್ನೊಬ್ಬರಿಲ್ಲ. ಜೆರೆಮಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದ ಕಥೆಯನ್ನು ಹೇಳಿದ್ದೂ ಅವರೇ. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಸುಮಾರು 600 ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ ಎಂದು ಮಾರಿಸ್ 1953ರಲ್ಲಿ ಪ್ರಕಟಿಸಿದರು. ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಲೆಕ್ಕವಿಟ್ಟು ತೋರಿಸಿದ ಮೊದಲಿಗರಲ್ಲಿ ಅವರೊಬ್ಬರು. ಸ್ವತಃ ವ್ಯಾಯಾಮ ಬಿಡದ ಅವರು 99 ವರ್ಷ ಬದುಕಿದ್ದರು. ಈಗ ನಾವಿಬ್ಬರೂ ಸಮತಟ್ಟು ದಾರಿ ಬಿಟ್ಟು ಏರು ಇರುವ ದಾರಿಯಲ್ಲಿ ನಡೆಯುತ್ತೇವೆ. ಏರಿನಲ್ಲಿ ಮಾತು ತುಂಡಾಗುತ್ತದೆ, ಇಳಿಜಾರಿನಲ್ಲಿ ಮುಂದುವರಿಯುತ್ತದೆ.

ಮರುಪರೀಕ್ಷೆ ಆದಾಗ ಕುರ್ಚಿಯ ಎಣಿಕೆ ಗೆರೆಯನ್ನು ದಾಟಿ ಸಾಕಷ್ಟು ಮುಂದೆ ಹೋಗಿತ್ತು. ಎಡಗಾಲು ಬಲಗಾಲನ್ನು ಇನ್ನೂ ಪೂರ್ತಿ ಹಿಡಿದಿಲ್ಲ, ಆದರೆ 10 ಸೆಕೆಂಡು ನಿಲ್ಲುತ್ತದೆ. ಮೂಳೆ ಸಾಂದ್ರತೆ ಏರಲಿಲ್ಲ, ಇಳಿಯಲೂ ಇಲ್ಲ. ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಇಳಿಯದೆ ನಿಲ್ಲುವುದೇ ಗಳಿಕೆ ಎಂದು ವೈದ್ಯರು ಹೇಳಿದರು, ನನಗೂ ಹಾಗೆಯೇ ಅನ್ನಿಸಿದೆ. ದಿನದ ಬದುಕಿನ ಬದಲಾವಣೆಗಳು ಇದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿವೆ. ಮೇಲಿನ ಕಪಾಟಿನಿಂದ ಭಾರದ ಪೆಟ್ಟಿಗೆ ಇಳಿಸಲು ಯಾರನ್ನೂ ಕಾಯುವುದಿಲ್ಲ. ಬಸ್ಸಿನ ಎತ್ತರದ ಮೆಟ್ಟಿಲಿಗೆ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುವುದಿಲ್ಲ. ಮೊಮ್ಮಗಳ ಜೊತೆ ನೆಲದ ಮೇಲೆ ಕುಳಿತು ಆಡಿ, ಅವಳು ಓಡಿದಾಗ ಎದ್ದು ಅವಳ ಹಿಂದೆ ಹೋಗುತ್ತೇನೆ.

ಈ ನಡುವೆ ಜ್ವರವೊಂದು ಬಂದು ಹಾಸಿಗೆ ಹಿಡಿಸಿತು. ಮಲಗಿದರೆ ಎಷ್ಟು ಬೇಗ ಕಳೆದುಕೊಳ್ಳುತ್ತೇವೆ ಎಂಬುದು ಆಗ ಮೈಗೆ ತಟ್ಟಿತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದ್ದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರಗಳಲ್ಲಿ ಅವರ ದೇಹ ಕಳೆದುಕೊಂಡಿದ್ದ ಆಮ್ಲಜನಕ ಬಳಸುವ ಸಾಮರ್ಥ್ಯವು ಮೂವತ್ತು ವರ್ಷಗಳ ವಯಸ್ಸು ಕಸಿದದ್ದಕ್ಕಿಂತ ಹೆಚ್ಚು ಎಂದು ಕಂಡಿತು. ಐವತ್ತರಲ್ಲಿ ಆರು ತಿಂಗಳು ತರಬೇತಿ ಕೊಟ್ಟಾಗ ವಯಸ್ಸು ಕಸಿದದ್ದು ಮರಳಿಯೂ ಬಂತು. ನನ್ನ ಜ್ವರ ಬಿಟ್ಟ ಮೇಲೆ ಫಿಸಿಯೊಥೆರಪಿಸ್ಟ್ ಹೇಳಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ಎಲ್ಲರಿಗೂ ಒಮ್ಮೆ ಬೇಕಾಗುತ್ತದೆ. ಜ್ವರ ಇರುವಾಗ ವ್ಯಾಯಾಮ ಬೇಡ, ಆದರೆ ಆಗುವಷ್ಟು ಹೊತ್ತು ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂರಬೇಕು. ಮಲಗಿದ್ದಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಜ್ವರ ಬಿಟ್ಟು ಮೈ ಸುಧಾರಿಸಿದ ಮೇಲೆ ಮೊದಲ ವಾರ ಭಾರ ಅರ್ಧ, ಸುತ್ತು ಒಂದೇ. ಮರುದಿನ ಸುಸ್ತು ಹೆಚ್ಚದಿದ್ದರೆ ಮುಂದಿನ ವಾರ ಎರಡು ಸುತ್ತು, ಆಮೇಲೆ ಭಾರ. ಹಿಂದೆ ಕಟ್ಟಿದ ಬಲ ಮೊದಲ ಸಲಕ್ಕಿಂತ ಬೇಗ ಮರಳುತ್ತದೆ ಎಂದು ಅವರು ಧೈರ್ಯ ಹೇಳಿದ್ದರು, ಹಾಗೆಯೇ ಆಯಿತು. ಈಗ ಮೊದಲಿನ ಡಂಬೆಲ್‌ಗೇ ಬಂದಿದ್ದೇನೆ. ಮುಂದಿನ ವಾರದಿಂದ ಕುರ್ಚಿಯ ಏಳುವಿಕೆಯನ್ನು ವೇಗವಾಗಿ ಮಾಡುವ ಪಾಠ ಶುರುವಾಗಲಿದೆ.